ಧ್ವನಿಮುದ್ರಿಕೆಯೂ ಶಬ್ದಪ್ರಸಾದವೂ

ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಸಾಧನೆಗಳಲ್ಲಿ ಶ್ರವಣಕ್ಕೆ ಮೊದಲ ಸ್ಥಾನವನ್ನು ಹಿರಿಯರು ಕೊಟ್ಟಿರುವರು. ಷಟ್‌ಸ್ಥಲ ಸಿದ್ಧಾಂತವು ಇಷ್ಟಕ್ಕೇ ನಿಲ್ಲದೆ, ಕೇಳುವ ಕಿವಿಯನ್ನೇ ಒಂದು ಲಿಂಗಸ್ಥಾನವನ್ನಾಗಿ ಮಾಡಿದೆ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ ಎಂಬುದು ಕ್ರಮ. ಶಬ್ದವು ಆಕಾಶದ ಗುಣ. ಆಕಾಶವು ಶರಣಸ್ಥಲದ ಅಂಗ. ಆ ಸ್ಥಲಕ್ಕೆ ಒಪ್ಪಿಸಿದ ಲಿಂಗವೇ ಪ್ರಸಾದಲಿಂಗ. ಹೀಗಿರುವಾಗ ಕಿವಿಗೆ ಬಿದ್ದ ಶಬ್ದವೆಲ್ಲವೂ ಪ್ರಸಾದವಾಗುವುದಿಲ್ಲ. ಲಿಂಗಕ್ಕೆ ಅರ್ಪಿತವಾಗಿ ಮರಳಿ ಬಂದ ಶಬ್ದ ಮಾತ್ರವೇ ಪ್ರಸಾದ. ತಟ್ಟೆಯಲ್ಲಿ ಬಡಿಸಿದ ಅನ್ನವನ್ನು ಅರ್ಪಿಸದೆ ಉಣ್ಣಬಾರದೆಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ಗೃಹಸ್ಥನು, ಕಿವಿಗೆ ಬಡಿಸಿದುದನ್ನು ಹೇಗೆ ಸ್ವೀಕರಿಸುತ್ತಿರುವನೆಂಬುದನ್ನು ವಿಚಾರಿಸುವುದು ಅಪರೂಪ.

ಈ ವಿಚಾರಕ್ಕೆ ಮೈಸೂರು ನಗರವು ತಕ್ಕ ಸ್ಥಳ. ಆಕಾಶದ ಗುಣವಾದ ಶಬ್ದವನ್ನು ಮನೆಮನೆಗೆ ಕಳುಹಿಸುವ ಬಾನುಲಿಗೆ ಆಕಾಶವಾಣಿಯೆಂಬ ಹೆಸರು ಬಳಕೆಗೆ ಬಂದುದು ಇಲ್ಲಿಯೇ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ಆ ಹೆಸರಿನಿಂದ ನಡೆಸತೊಡಗಿದರು. ವೀಣೆ ಶೇಷಣ್ಣನವರು, ಬಿಡಾರಂ ಕೃಷ್ಣಪ್ಪನವರು, ವಾಸುದೇವಾಚಾರ್ಯರು, ಪಿಟೀಲು ಚೌಡಯ್ಯನವರು ಬಾಳಿದ ಊರಿದು. ಇಂತಹ ಊರಿನಲ್ಲಿ ಇಬ್ಬರು ಸಂಗೀತಪ್ರಿಯರು ಎದುರಾದರೆ ಕುಶಲ ಪ್ರಶ್ನೆಯ ಹಿಂದೆಯೇ ಬರುವ ಮಾತು, ‘ಈಚೆಗೆ ಏನು ಕೇಳಿದಿರಿ?’ ಎಂಬುದು. ಒಬ್ಬರು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಮುದ್ರಿಕೆಯನ್ನು ಹೇಳುವರು. ಇನ್ನೊಬ್ಬರು ಧಾರವಾಡದ ಕಡೆಯ ಗಾಯಕರನ್ನು ಹೇಳುವರು. ಮೂರನೆಯವರು, ಮನೆಯ ಅಟ್ಟದಲ್ಲಿದ್ದ ಹಳೆಯ ಪೆಟ್ಟಿಗೆಯಿಂದ ತಾತನ ಕಾಲದ ಪ್ಲೇಟೊಂದು ಸಿಕ್ಕಿತೆನ್ನುವರು. ಕೇಳಿದುದನ್ನು ಹೀಗೆ ಹಂಚಿಕೊಳ್ಳುವುದು ಬರಿಯ ಕಾಲಹರಣವೋ ಅಥವಾ ಪ್ರಸಾದವಿನಿಯೋಗವೋ ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಪದವನ್ನು ನೋಡಬೇಕು. ಹಾಡನ್ನು ಹಿಡಿದಿಟ್ಟ ವಸ್ತುವಿಗೆ ಕನ್ನಡವು ಧ್ವನಿಮುದ್ರಿಕೆಯೆಂದು ಹೆಸರಿಟ್ಟಿದೆ. ವಚನದ ಕೊನೆಗೆ ಬರುವ ಅಂಕಿತಕ್ಕೂ ಮುದ್ರಿಕೆಯೆಂಬ ಹೆಸರುಂಟು. ಒಂದೇ ಪದವು ಎರಡು ಕಡೆಯೂ ನಿಂತಿರುವುದು ಆಕಸ್ಮಿಕವಾದರೂ ವ್ಯರ್ಥವಲ್ಲ. ಇದನ್ನು ತಿಳಿಯುವುದಕ್ಕೆ ಮೈಸೂರಿನಲ್ಲಿ ದೇಹವಿಟ್ಟ ಒಬ್ಬ ಗಾಯಕಿಯ ವೃತ್ತಾಂತವು ನೆರವಾಗುತ್ತದೆ.

1902ರ ನವೆಂಬರ್ ತಿಂಗಳಿನಲ್ಲಿ ಇಂಗ್ಲೆಂಡಿನ ಗ್ರಾಮಫೋನ್ ಕಂಪೆನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬವನು ಕಲಕತ್ತೆಗೆ ಬಂದು ಭಾರತೀಯ ಸಂಗೀತವನ್ನು ಮುದ್ರಿಸಿಕೊಂಡನು. ಆಗ ಹಾಡಿದವರಲ್ಲಿ ಪ್ರಖ್ಯಾತಳಾದವಳು ಗೌಹರ್ ಜಾನ್. ಅಂದು ವಿದ್ಯುತ್ತಿನ ಧ್ವನಿಗ್ರಾಹಕವಿರಲಿಲ್ಲ. ಗೋಡೆಯಿಂದ ಚಾಚಿಕೊಂಡ ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಾಗಿತ್ತು. ಮುದ್ರಿಸಿದ ಅಚ್ಚುಗಳು ಹಡಗೇರಿ ಜರ್ಮನಿಯ ಹಾನೋವರ್ ನಗರಕ್ಕೆ ಹೋಗಿ, ಅಲ್ಲಿ ತಟ್ಟೆಗಳಾಗಿ, ಮರುವರ್ಷ ಭಾರತಕ್ಕೆ ಮರಳಿದವು. ಕಲಕತ್ತೆಯಲ್ಲಿ ಕಾರ್ಖಾನೆಯಾದುದು 1908ರಲ್ಲಿ. ಹಾನೋವರಿನ ಕೆಲಸಗಾರನಿಗೆ ಹಿಂದೂಸ್ಥಾನಿಯೂ ತಿಳಿಯದು, ಹಾಡಿದವಳೂ ತಿಳಿಯಳು. ಆದುದರಿಂದ ಯಾವ ತಟ್ಟೆಗೆ ಯಾವ ಚೀಟಿಯನ್ನು ಅಂಟಿಸಬೇಕೆಂಬುದು ತಪ್ಪಿಹೋಗದಿರಲೆಂದು ಆಕೆಯು ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಆ ಕೂಗು ಇಂದಿಗೂ ಆ ಹಾಡುಗಳ ಅಂತ್ಯದಲ್ಲಿ ಕೇಳಿಸುತ್ತದೆ.

ದೇಶವೆಲ್ಲ ಆಕೆಯ ಹೆಸರನ್ನು ಬಲ್ಲುದಾಯಿತು. ಹಣವೂ ಬಂದಿತು, ಹೋಯಿತು. ಆಶ್ರಿತರೂ ಬಂದರು, ಹೋದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಆಸ್ಥಾನ ಗಾಯಕಿಯಾಗಿ ಬರಮಾಡಿಕೊಂಡರು. ಎರಡು ವರ್ಷವೂ ತುಂಬಲಿಲ್ಲ; 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಆಕೆಯ ದೇಹಾಂತವಾಯಿತು. ಲಕ್ಷಾಂತರ ಕಿವಿಗಳಲ್ಲಿ ತನ್ನ ಹೆಸರನ್ನು ತಾನೇ ನೆಟ್ಟವಳ ಅಂತ್ಯಕಾಲದಲ್ಲಿ ಆ ಹೆಸರನ್ನು ಹಿಡಿದು ಕರೆಯುವ ಬಂಧುಗಳು ಹತ್ತಿರವಿದ್ದುದು ಕಡಮೆ.

ಇಲ್ಲಿ ವಚನಾಂಕಿತವನ್ನು ನೆನೆಯಬಹುದು. ಶರಣರೂ ತಮ್ಮ ನುಡಿಯ ಕೊನೆಗೆ ಒಂದು ಹೆಸರನ್ನು ಹೇಳಿದರು. ಆದರೆ ಅದು ನುಡಿದವನ ಹೆಸರಲ್ಲ. ಬಸವಣ್ಣನವರು ಕೂಡಲಸಂಗಮನನ್ನು ಹೇಳಿದರು, ಅಕ್ಕನವರು ಚೆನ್ನಮಲ್ಲಿಕಾರ್ಜುನನನ್ನು ಹೇಳಿದರು, ಪ್ರಭುದೇವರು ಗುಹೇಶ್ವರನನ್ನು ಹೇಳಿದರು. ಯಾರ ನುಡಿಯೆಂಬುದು ತಿಳಿಯಲೆಂದು ಕೂಗಿದ ಹೆಸರು ಒಂದು. ನುಡಿ ಯಾರಿಗೆ ಸಂದಿತೆಂಬುದನ್ನು ತಿಳಿಸುವ ಹೆಸರು ಇನ್ನೊಂದು. ಹೀಗೆಂದ ಮಾತ್ರಕ್ಕೆ ಗೌಹರ್ ಜಾನಳನ್ನು ಕೀಳ್ಗಳೆಯಬೇಕಾಗಿಲ್ಲ. ಆಕೆಯ ಕೂಗು ವೃತ್ತಿಯ ಅಗತ್ಯವಾಗಿತ್ತು. ಅದಿಲ್ಲದಿದ್ದರೆ ಆ ಕಂಠವು ಅನಾಮಧೇಯವಾಗಿ ಹೋಗಬಹುದಾಗಿತ್ತು. ಪರಂತು ಮುದ್ರಿಕೆಯನ್ನು ಕೇಳುವವನು ಎರಡು ಹೆಸರನ್ನೂ ಕೇಳಬಲ್ಲವನಾಗಬೇಕು. ಹಾಡಿದವರಾರು ಎಂಬುದು ಋಣದ ಪ್ರಶ್ನೆ, ಹಾಡು ಎಲ್ಲಿಗೆ ಸಂದಿತು ಎಂಬುದು ಅರ್ಪಣದ ಪ್ರಶ್ನೆ.

ಹಳೆಯ ತಟ್ಟೆಯ ಪ್ರಕೃತಿಯನ್ನೂ ಸ್ವಲ್ಪ ತಿಳಿಯುವುದು ಒಳ್ಳೆಯದು. ಅದರ ಮೈಯಲ್ಲಿ ಮುಖ್ಯವಾದ ದ್ರವ್ಯ ಅರಗು. ಮರದ ಕೊಂಬೆಯ ಮೇಲೆ ಕ್ರಿಮಿಗಳು ಕಟ್ಟುವ ಈ ಅರಗಿಗೆ ಭಾರತವೇ ದೊಡ್ಡ ಆಕರವಾಗಿದ್ದಿತು. (ಮೈಸೂರಿನಲ್ಲಿ 1937ರಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು ಮುಂದೆ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಮಸಿಗೆ ಹೆಸರಾಯಿತು. ಒಂದು ಅರಗು ದನಿಯನ್ನು ಹಿಡಿಯಿತು, ಅರಗಿನ ಮನೆಯಿಂದಲೇ ಹೊರಟ ಇನ್ನೊಂದು ಗುರುತು ಬೆರಳನ್ನು ಹಿಡಿಯಿತು.) ತಟ್ಟೆಯು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು. ಅದರ ಒಂದು ಮುಖದಲ್ಲಿ, ಹೊರ ಅಂಚಿನಿಂದ ನಡುವಿನವರೆಗೆ, ಒಂದೇ ಗೀರು ಸುರುಳಿಯಾಗಿ ಸಾಗುವುದು. ಅದರೊಳಗೆ ಉಕ್ಕಿನ ಮುಳ್ಳು ನಡೆಯುವುದು. ಹತ್ತಂಗುಲದ ತಟ್ಟೆಯಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಹಾಡು ಹಿಡಿಸುತ್ತಿರಲಿಲ್ಲ. ಆಮೇಲೆ ಕೀಲಿ ಕೊಡಬೇಕು, ಮುಳ್ಳನ್ನು ಬದಲಾಯಿಸಬೇಕು, ತಟ್ಟೆಯನ್ನು ಮಗುಚಬೇಕು.

ಈ ಮೂರು ನಿಮಿಷದ ಕಟ್ಟು ಖ್ಯಾಲಿಗೆ ಬಲು ಇಕ್ಕಟ್ಟಾಯಿತು. ಒಂದು ರಾಗವನ್ನು ಒಂದು ಗಂಟೆ ಬೆಳೆಸುವವನು ಮೂರು ನಿಮಿಷದಲ್ಲಿ ವಿಲಂಬಿತವನ್ನೂ ದ್ರುತವನ್ನೂ ತಾನುಗಳನ್ನೂ ತುರುಕಬೇಕಾದರೆ ಕೊಡದ ನೀರನ್ನು ಗಿಂಡಿಗೆ ಸುರಿದಂತೆ. ಸಮರ್ಥರಾದವರು ಅದರಲ್ಲಿಯೂ ರಾಗದ ಜೀವವನ್ನು ಹಿಡಿದು ತೋರಿಸಿದರೆಂಬುದು ನಿಜ. ಆದರೆ ಕೇಳುವವನು ಅದು ಸಂಕ್ಷೇಪವೆಂಬುದನ್ನು ಮರೆಯಬಾರದು. ರಾಗಂ ತಾನಂ ಪಲ್ಲವಿಗೂ ಇದೇ ಗತಿ. ವಚನಕ್ಕೆ ಮಾತ್ರ ಈ ತೊಂದರೆಯೇ ಬರಲಿಲ್ಲ. ಹತ್ತು ಹನ್ನೆರಡು ಸಾಲಿನೊಳಗೆ ಎತ್ತಿಕೊಂಡ ಮಾತನ್ನು ಮುಗಿಸಿ ಅಂಕಿತದಲ್ಲಿ ನಿಲ್ಲುವ ರಚನೆ ಅದು. ಎಂಟು ನೂರು ವರ್ಷಗಳ ಹಿಂದೆ ಹುಟ್ಟಿದ ನುಡಿಯು ಇಪ್ಪತ್ತನೆಯ ಶತಮಾನದ ತಟ್ಟೆಯ ಒಂದು ಮುಖಕ್ಕೆ ಅಳೆದು ಮಾಡಿದಂತೆ ಹೊಂದಿತು. ಒಂದಕ್ಷರವನ್ನೂ ಕತ್ತರಿಸಬೇಕಾಗಲಿಲ್ಲ.

ಕಾಲವೂ ಕೂಡಿಬಂದಿತು. ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ಹುಡುಕಿ ಶೇಖರಿಸಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದುದು 1923ರಲ್ಲಿ. ಶಿವಾನುಭವ ಪತ್ರಿಕೆಯನ್ನು ಆರಂಭಿಸಿದುದು 1926ರಲ್ಲಿ. ಗ್ರಾಮಫೋನು ಧ್ವನಿಗ್ರಾಹಕವನ್ನು ಪಡೆದು, ಕಹಳೆಗೆ ಕೂಗುವ ಕಷ್ಟ ತಪ್ಪಿದುದು 1925ರ ಸುಮಾರಿಗೆ. ಗರಿಯಿಂದ ಅಚ್ಚಿಗೆ ಬಂದ ವಚನವು ಅಚ್ಚಿನಿಂದ ಕಂಠಕ್ಕೆ, ಕಂಠದಿಂದ ತಟ್ಟೆಗೆ ಸಾಗುವ ದಾರಿ ಹೀಗೆ ತೆರೆಯಿತು. ಓದು ಬಾರದ ಗೃಹಿಣಿಗೆ, ಕಣ್ಣು ಮಂಜಾದ ವೃದ್ಧನಿಗೆ, ಪುಸ್ತಕ ಕೊಳ್ಳಲಾರದ ಒಕ್ಕಲಿಗೆ ವಚನವು ಕಿವಿಯ ಮೂಲಕ ದೊರೆತುದು ಸಾಮಾನ್ಯವಾದ ಉಪಕಾರವಲ್ಲ.

ವಚನವನ್ನು ಹಾಡಬಹುದೇ ಎಂಬ ಶಂಕೆಯೊಂದುಂಟು. ವಚನವು ಗದ್ಯ; ಅದಕ್ಕೆ ಪಲ್ಲವಿಯಿಲ್ಲ, ಮಾತ್ರೆಗಣಗಳ ಕಟ್ಟಿಲ್ಲ; ಅದನ್ನು ತಾಳಕ್ಕೆ ಹೊಂದಿಸುವಾಗ ಪದಗಳು ಮುರಿಯುತ್ತವೆ ಎಂಬುದು ಆ ಶಂಕೆ. ಶಂಕೆಯಲ್ಲಿ ತಥ್ಯವಿದೆ. ಹಾಡುವುದಕ್ಕೆಂದೇ ಪಲ್ಲವಿ ಸಹಿತವಾಗಿ ರಚಿತವಾದ ಸ್ವರವಚನಗಳು ಬೇರೆಯೇ ಇವೆ. ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿಯ ಪದಗಳು, ಮುಪ್ಪಿನ ಷಡಕ್ಷರಿಗಳ ಪದಗಳು, ಸರ್ಪಭೂಷಣ ಶಿವಯೋಗಿಗಳ ಪದಗಳು ಗಾನಕ್ಕಾಗಿಯೇ ಹುಟ್ಟಿದವು. ನಿಜಗುಣರು ವಿವೇಕಚಿಂತಾಮಣಿಯಲ್ಲಿ ಸಂಗೀತಶಾಸ್ತ್ರವನ್ನೂ ನಿರೂಪಿಸಿರುವುದನ್ನು ಬಲ್ಲವರು ಬಲ್ಲರು. ಆದರೆ ಬಸವಣ್ಣನವರೇ ಗಾನದ ಲೆಕ್ಕಾಚಾರವನ್ನು ಬದಿಗಿಟ್ಟು ಒಲವನ್ನೇ ಪ್ರಮಾಣವಾಗಿ ಹಿಡಿದಿರುವರು. ಇನ್ನೊಂದೆಡೆ ತಮ್ಮ ಶರೀರವನ್ನೇ ವೀಣೆಯ ಅಂಗಾಂಗಗಳನ್ನಾಗಿ ಮಾಡಿಕೊಂಡು ನುಡಿಸುವಂತೆ ಸಂಗಮನಾಥನನ್ನು ಬೇಡಿರುವರು. ತಂತಿಯೂ ತಾನೇ ಆಗಲು ಸಿದ್ಧನಾದವನ ಮಾತನ್ನು ರಾಗದಲ್ಲಿ ಹೇಳಬಾರದೆಂಬುದು ಉಚಿತವಾಗಲಾರದು. ಹಾಡುವ ಬಗೆಯೊಂದೇ ವಿಚಾರಣೀಯ.

ಆ ಬಗೆಯನ್ನು ಅರಿಯುವುದಕ್ಕೆ ಮಲ್ಲಿಕಾರ್ಜುನ ಮನಸೂರರ ವಚನಗಾಯನದ ಮುದ್ರಿಕೆಗಳಿಗಿಂತ ಉತ್ತಮವಾದ ಪಾಠವಿಲ್ಲ. ಧಾರವಾಡದ ಹತ್ತಿರದ ಮನಸೂರಿನಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿ, ಬಾಲ್ಯದಲ್ಲಿ ನಾಟಕ ಕಂಪೆನಿಯಲ್ಲಿದ್ದು, ಮಿರಜಿನ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತವರು ಅವರು. ಯೌವನದಲ್ಲಿಯೇ ಅವರ ತಟ್ಟೆಗಳು ಹೊರಬಂದವು, ಕೀರ್ತಿಯೂ ಬಂದಿತು. ಅಷ್ಟಾದ ಮೇಲೆಯೂ ತಮಗೆ ತಿಳಿದುದು ಸಾಲದೆಂದು ಅಲ್ಲಾದಿಯಾ ಖಾನರ ಮಗ ಮಂಜಿ ಖಾನರಲ್ಲಿ ಶಿಷ್ಯವೃತ್ತಿ ಹಿಡಿದರು. 1937ರಲ್ಲಿ ಮಂಜಿ ಖಾನರು ತೀರಿಕೊಂಡಮೇಲೆ ಅವರ ತಮ್ಮ ಭುರ್ಜಿ ಖಾನರಲ್ಲಿ ಅಭ್ಯಾಸವನ್ನು ಮುಂದುವರಿಸಿದರು. ಅಚ್ಚಾದ ಹೆಸರಿಗೆ ತೃಪ್ತನಾಗದೆ ಮತ್ತೆ ವಿದ್ಯಾರ್ಥಿಯಾಗುವವರು ಎಷ್ಟು ಮಂದಿ? 1992ರ ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾಗುವವರೆಗೂ ಲಿಂಗಪೂಜೆಯೂ ಗಾನವೂ ಅವರಿಗೆ ಎರಡಾಗಿರಲಿಲ್ಲವೆಂಬುದು ಪ್ರಸಿದ್ಧ.

ಅವರ ವಚನಗಾಯನವನ್ನು ಕೇಳುವಾಗ ಗಮನಿಸತಕ್ಕ ಸಂಗತಿಯೊಂದಿದೆ. ಅಪೂರ್ವ ರಾಗಗಳಲ್ಲಿ, ಜೋಡುರಾಗಗಳಲ್ಲಿ ಅಷ್ಟು ಸಲೀಸಾಗಿ ಸಂಚರಿಸಬಲ್ಲ ಪಂಡಿತರು ವಚನಕ್ಕೆ ಬಂದಾಗ ತಮ್ಮ ಪಾಂಡಿತ್ಯವನ್ನು ಹಿಂದಕ್ಕೆ ಹಿಡಿಯುತ್ತಾರೆ. ತಾನು ಬರುತ್ತದೆ, ಆದರೆ ಪದವು ಪೂರ್ತಿಯಾದ ಮೇಲೆ ಬರುತ್ತದೆ. ಮಾತಿನ ನಡುವೆ ಉಸಿರನ್ನು ಮುರಿಯುವುದಿಲ್ಲ. ಒಂದು ಸಾಲನ್ನು ಮತ್ತೆ ಮತ್ತೆ ಹೇಳುವಾಗ ಅದು ಪಲ್ಲವಿಯ ಕಟ್ಟಳೆಗಾಗಿ ಹೇಳಿದಂತಿರದೆ, ಹೇಳಿಯೂ ತೀರದ ಮಾತನ್ನು ಇನ್ನೊಮ್ಮೆ ಹೇಳಿದಂತಿರುತ್ತದೆ. ಅಂಕಿತಕ್ಕೆ ಬಂದಾಗ ಧ್ವನಿಯು ಏರಿ ಪ್ರದರ್ಶನಕ್ಕೆ ನಿಲ್ಲುವುದಿಲ್ಲ. ಮನೆಗೆ ಬಂದವನು ಚಪ್ಪಲಿ ಕಳಚುವಂತೆ ಇಳಿಯುತ್ತದೆ. ಬಸವರಾಜ ರಾಜಗುರುಗಳೂ ವಚನಗಳನ್ನು ಹಾಡಿರುವರು. ಗದುಗಿನ ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಅವರ ಕಂಠದಲ್ಲಿ ನಾಟ್ಯದ ಮಿಂಚು ಹೆಚ್ಚು. ಎರಡನ್ನೂ ಒಂದೇ ಸಂಜೆ ಕೇಳಿದವನಿಗೆ, ಒಂದೇ ಬಗೆಯ ನುಡಿಯು ಎರಡು ಕಂಠಗಳಲ್ಲಿ ಎರಡು ಭಾವಗಳನ್ನು ತಾಳುವುದು ತಾನಾಗಿ ತಿಳಿಯುವುದು. ಈಚಿನ ಕೆಲವು ವಚನ ಮುದ್ರಿಕೆಗಳಲ್ಲಿ ವಾದ್ಯಗಳ ಗದ್ದಲವೇ ಎದ್ದು ನಿಂತು, ವಚನವು ಜಾತ್ರೆಯಲ್ಲಿ ಕೈತಪ್ಪಿದ ಮಗುವಿನಂತೆ ಎಲ್ಲಿಯೋ ಅಳುತ್ತಿರುವುದು. ಅಂತಹವುಗಳನ್ನು ಹಂಚದಿರುವುದೂ ಒಂದು ಉಪಕಾರವೇ.

ಮುದ್ರಿಕೆಗೆ ಎಷ್ಟು ಶಕ್ತಿಯುಂಟು, ಎಷ್ಟಿಲ್ಲ ಎಂಬುದಕ್ಕೆ ಗದುಗಿನ ಇನ್ನೊಂದು ನಿದರ್ಶನವು ಎಲ್ಲರಿಗೂ ಗೊತ್ತಿರುವುದೇ. ಭೀಮಸೇನ ಜೋಶಿಯವರು ಹನ್ನೊಂದು ವರ್ಷದ ಬಾಲಕರಾಗಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಠುಮರಿಯ ತಟ್ಟೆಯನ್ನು ಕೇಳಿದರು. ಆ ಖಾನರು ಮೈಸೂರು ಅರಮನೆಯ ಮನ್ನಣೆಯನ್ನೂ ಪಡೆದ ಮಹಾಗಾಯಕರು. ಆ ಮೂರು ನಿಮಿಷದ ನಾದವು ಬಾಲಕನನ್ನು ಮನೆಯಲ್ಲಿ ನಿಲ್ಲಗೊಡಲಿಲ್ಲ. 1933ರಲ್ಲಿ ಆತನು ಮನೆ ಬಿಟ್ಟು ಗುರುವನ್ನು ಹುಡುಕುತ್ತ ಉತ್ತರದೇಶವನ್ನೆಲ್ಲ ಅಲೆದನು. ಕೊನೆಗೆ ಗುರುವು ದೊರೆತುದು ಮನೆಯ ಸಮೀಪದ ಕುಂದಗೋಳದಲ್ಲಿ: ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಕೂಡ ಬಾಲ್ಯದಲ್ಲಿ ಬೀದಿಯ ಗ್ರಾಮಫೋನಿನ ದನಿ ಕೇಳಿದೊಡನೆ ಹೊರಕ್ಕೆ ಓಡಿ ಬರುತ್ತಿದ್ದರಂತೆ. ತಟ್ಟೆಯು ಅವರನ್ನು ಎಬ್ಬಿಸಿತು, ಕಲಿಸಲಿಲ್ಲ. ಕಲಿಸುವುದಕ್ಕೆ ಎದುರಿಗೆ ಕುಳಿತು ತಪ್ಪಿದಲ್ಲಿ ತಿದ್ದುವ ಗುರುವೇ ಬೇಕಾಯಿತು. ತಟ್ಟೆಯು ಎಷ್ಟು ಸಲ ಹಾಕಿದರೂ ಹೇಳಿದುದನ್ನೇ ಹೇಳುವುದು. ಕೇಳುವವನು ಎಲ್ಲಿ ತಪ್ಪಿದನೆಂಬುದು ಅದಕ್ಕೆ ತಿಳಿಯದು. ವಚನದ ಅರ್ಥವೂ ಹಾಗೆಯೇ. ಮುದ್ರಿಕೆಯಿಂದ ಬಾಯಿಪಾಠವಾದ ವಚನದ ಅರ್ಥವನ್ನು ಬಲ್ಲವರ ಬಳಿ ಕುಳಿತು ಕೇಳದಿದ್ದರೆ, ಅಕ್ಕಿ ತಂದು ಒಲೆ ಹಚ್ಚದೆ ಇದ್ದಂತೆ.

ಇನ್ನು ಮುಖ್ಯವಾದ ತೊಡಕು. ನಾದದಿಂದಲೇ ಶಿವನು ಒಲಿಯುವನೆಂದು ಹೇಳಿ, ದಿನವೆಲ್ಲ ಮುದ್ರಿಕೆಗಳನ್ನು ಕೇಳುವುದೇ ಭಕ್ತಿಯೆಂದು ತಿಳಿಯುವವರುಂಟು. ಬಸವಣ್ಣನವರು ಈ ಭ್ರಮೆಯನ್ನು ಒಂದು ವಚನದಲ್ಲಿ ನೇರವಾಗಿ ಕಡಿದಿರುವರು. ಗಾನದಿಂದ ಶಿವನನ್ನು ಮೆಚ್ಚಿಸಿದ ರಾವಣನ ಆಯುಷ್ಯ ಪೂರ್ತಿಯಾಗಲಿಲ್ಲ, ವೇದವನ್ನೋದಿದ ಬ್ರಹ್ಮನಿಗೆ ತಲೆಯೊಂದು ಹೋಯಿತು. ಆದುದರಿಂದ ಶಿವನ ಒಲವು ನಾದದಲ್ಲಿಯೂ ಇಲ್ಲ, ವೇದದಲ್ಲಿಯೂ ಇಲ್ಲ, ಭಕ್ತಿಯೊಂದರಲ್ಲಿದೆ ಎಂಬುದು ಅದರ ತಾತ್ಪರ್ಯ. ಇದನ್ನು ಹಿಡಿದು, ‘ಹಾಗಾದರೆ ಸಂಗೀತವೇ ಬೇಡ’ ಎನ್ನುವ ಶುಷ್ಕವಾದಿಗಳೂ ಇರುವರು. ಅವರೂ ವಚನವನ್ನು ಅರ್ಧವೇ ಓದಿದವರು. ಸಂಗೀತವು ಬೇಡವಾಗಿದ್ದರೆ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯನವರಿಗೆ ಎಡೆಯಿರುತ್ತಿರಲಿಲ್ಲ. ಅಕ್ಕಸಾಲೆಯ ಕೆಲಸವನ್ನು ಬಿಟ್ಟು ತ್ರಿಪುರಾಂತಕನ ಸನ್ನಿಧಿಯಲ್ಲಿ ಕಿನ್ನರಿಯನ್ನು ನುಡಿಸುವುದನ್ನೇ ಕಾಯಕವನ್ನಾಗಿ ಮಾಡಿಕೊಂಡು, ಅದರಿಂದ ಬಂದುದನ್ನು ಜಂಗಮದಾಸೋಹಕ್ಕೆ ಸಲ್ಲಿಸಿದವರು ಅವರು. ರಾವಣನೂ ನುಡಿಸಿದನು, ಬೊಮ್ಮಯ್ಯನವರೂ ನುಡಿಸಿದರು. ಒಬ್ಬನು ವರವನ್ನು ಪಡೆದು ತಾನೇ ಇಟ್ಟುಕೊಂಡನು; ಇನ್ನೊಬ್ಬರು ಬಂದುದನ್ನು ಹಂಚಿ ಉಂಡರು. ವಾದ್ಯದಲ್ಲಿ ಭೇದವಿಲ್ಲ.

ಕೇಳುವವನ ವಿಷಯದಲ್ಲಿಯೂ ಇದೇ ಭೇದ. ಕೇಳಿದ ನಾದದಿಂದ ಋಣವೊಂದು ಹುಟ್ಟುವುದು. ಆ ಋಣವನ್ನು ತೀರಿಸಿದವರ ಉದಾಹರಣೆ ಮೈಸೂರಿನ ಅರಮನೆಯಲ್ಲಿಯೇ ಇದೆ. ಜಯಚಾಮರಾಜೇಂದ್ರ ಒಡೆಯರು ವಾಸುದೇವಾಚಾರ್ಯರಿಂದ ಕರ್ನಾಟಕ ಸಂಗೀತವನ್ನು ಕಲಿತು ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರೆಂಬುದು ಸರ್ವವಿದಿತ. ಪಾಶ್ಚಾತ್ಯ ಸಂಗೀತದಲ್ಲಿಯೂ ಅವರಿಗೆ ಅಷ್ಟೇ ಗಾಢವಾದ ಆಸಕ್ತಿ. ಅವರ ಸಂಗ್ರಹದಲ್ಲಿ ಸುಮಾರು ಇಪ್ಪತ್ತು ಸಾವಿರ ತಟ್ಟೆಗಳಿದ್ದುವೆಂದು ಅಂದಾಜು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರನು ದೇಶ ಬಿಟ್ಟು ಲಂಡನ್ನಿನಲ್ಲಿ ವೃದ್ಧಾಪ್ಯದಿಂದಲೂ ಅನಾರೋಗ್ಯದಿಂದಲೂ ಬಳಲುತ್ತ, ಲೋಕವು ತನ್ನನ್ನು ಮರೆಯುವುದನ್ನು ಕಣ್ಣಾರೆ ಕಾಣುತ್ತಿದ್ದನು. ಆತನ ಸಂಗೀತವನ್ನು ಮೆಚ್ಚಿದ ಮಹಾರಾಜರು ಮೆಟ್ನರ್ ಸೊಸೈಟಿಯೆಂಬ ಸಂಸ್ಥೆಯನ್ನು ಹುಟ್ಟುಹಾಕಿ, ಆತನೇ ಪಿಯಾನೊ ನುಡಿಸಿ ತನ್ನ ಕೃತಿಗಳನ್ನು ಮುದ್ರಿಸುವಂತೆ ಧನಸಹಾಯ ಮಾಡಿದರು. 1940ರ ದಶಕದ ಕೊನೆಯಲ್ಲಿ ಆ ತಟ್ಟೆಗಳು ಸಂಪುಟಗಳಾಗಿ ಹೊರಬಂದವು. ಮೆಟ್ನರನು ತನ್ನ ಮೂರನೆಯ ಪಿಯಾನೊ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅಂಕಿತ ಮಾಡಿದನು. 1951ರಲ್ಲಿ ಆತನು ತೀರಿಕೊಂಡನು. ಚಾಮುಂಡಿಬೆಟ್ಟದ ಕೆಳಗೆ ಕುಳಿತು ಕೇಳಿದ ಎರಡು ಕಿವಿಗಳಿಲ್ಲದಿದ್ದರೆ ಆ ಮುದುಕನ ಬೆರಳುಗಳ ಅಷ್ಟೊಂದು ನಾದವು ಅವನೊಡನೆಯೇ ಮಣ್ಣಾಗುತ್ತಿತ್ತು.

ಇನ್ನೊಂದು ಸಂಗತಿ. ಜರ್ಮನಿಯ ರಿಚರ್ಡ್ ಸ್ಟ್ರೌಸನು 1949ರಲ್ಲಿ ತೀರಿಕೊಳ್ಳುವ ಮುನ್ನ ರಚಿಸಿದ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟವು. ಆ ಗೋಷ್ಠಿಗೆ ಬೇಕಾದ ಹಣದ ಭರವಸೆಯನ್ನು ಕೊಟ್ಟವರು ಮೈಸೂರಿನ ಮಹಾರಾಜರು. ಅವರಿಗೆ ಹೋಗಿ ಕೇಳಲಾಗಲಿಲ್ಲ; ಗೋಷ್ಠಿಯನ್ನು ತಟ್ಟೆಗಳಲ್ಲಿ ಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು. ಸಾವನ್ನು ಶಾಂತವಾಗಿ ಎದುರುಗೊಳ್ಳುವ ಆ ಮುದುಕನ ಗೀತೆಗಳು ಸಮುದ್ರವನ್ನು ದಾಟಿ ಈ ಊರಿಗೆ ಬಂದವು. ಆ ಗೋಷ್ಠಿಯ ಮುದ್ರಿಕೆಯ ತಟ್ಟೆಗಳು ಕೇಳಿ ಕೇಳಿ ಬಹಳ ಸವೆದುಹೋದವು. ಮುಂದೆ ಅದು ಲೋಕಕ್ಕೆ ದೊರೆತುದು ಆ ಸವೆತದ ಸದ್ದಿನೊಡನೆಯೇ.

ಸವೆತವೆಂಬುದು ಹಳೆಯ ತಟ್ಟೆಯ ಧರ್ಮ. ಮುಳ್ಳು ಗೀರಿನಲ್ಲಿ ನಡೆದಾಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ಅದನ್ನು ಉಜ್ಜುವುದು. ಕೇಳಿದಷ್ಟೂ ಅದು ಕರಗುವುದು. ಬಹಳ ಪ್ರಿಯವಾದ ಹಾಡೇ ಮೊದಲು ಹಾಳಾಗುವುದು. ಹಳೆಯ ಪೆಟ್ಟಿಗೆಯಲ್ಲಿ ಯಾವ ತಟ್ಟೆ ಬಿಳುಚಿದೆಯೆಂದು ನೋಡಿ, ಆ ಮನೆಯ ಹಿರಿಯರು ಯಾವುದನ್ನು ಪ್ರೀತಿಸಿದರೆಂದು ಹೇಳಬಹುದು. ಆದಕಾರಣ ಅಂದಿನವರು ತಟ್ಟೆಯನ್ನು ಹಾಕುವ ಮೊದಲು ಕೂಡಿಸಿ ಕುಳ್ಳಿರಿಸುತ್ತಿದ್ದರು, ಮಕ್ಕಳ ಬಾಯಿ ಮುಚ್ಚಿಸುತ್ತಿದ್ದರು, ನೆರೆಮನೆಯವರನ್ನೂ ಕರೆಯುತ್ತಿದ್ದರು. ಒಂದು ಸಲ ಸವೆಯುವುದಾದರೆ ಹತ್ತು ಕಿವಿಗಳಿಗಾದರೂ ಸಲ್ಲಲಿ ಎಂಬುದು ಎಣಿಕೆ. 1948ರಲ್ಲಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಿನ ದೀರ್ಘ ತಟ್ಟೆ ಅಮೆರಿಕದಲ್ಲಿ ಹುಟ್ಟಿತು. ಆಮೇಲೆ ಕ್ಯಾಸೆಟ್ಟು, ಸಿ.ಡಿ. ಬಂದವು, ಇಂದು ಅಂಗೈಯಗಲದ ಮೊಬೈಲಿನಲ್ಲಿ ನೂರು ವರ್ಷಗಳ ಸಂಗೀತವೆಲ್ಲ ಸವೆಯದೆ ದೊರೆಯುತ್ತಿದೆ. ಇಷ್ಟಲಿಂಗವಿರುವ ಅಂಗೈಗೆ ಸಮೀಪವಾಗಿಯೇ ಅದೂ ಇರುವುದು! ಸವೆಯದ ವಸ್ತುವಿಗೆ ಬೆಲೆಯಿಡುವುದು ಮನುಷ್ಯನಿಗೆ ಕಷ್ಟ. ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಹಚ್ಚಿದ ವಚನಗಾಯನವು ಬೆಲೆ ಕೇಳುವ ಗಿರಾಕಿಯ ಮಾತಿನಲ್ಲಿ ಮುಳುಗಿ, ಯಾರೂ ಕೇಳದೆ ಮುಗಿದು, ತಾನೇ ಮತ್ತೆ ಮೊದಲಾಗುವುದು. ಸಮಾರಂಭಗಳಲ್ಲಿ ಧ್ವನಿವರ್ಧಕದಿಂದ ಅಕ್ಕನವರ ವಚನವು ಬೀದಿಗೆಲ್ಲ ಕೇಳಿಸುತ್ತಿರುವಾಗ ಕೆಳಗೆ ಕುರ್ಚಿಗಳನ್ನು ಎಳೆಯುವ ಸದ್ದು. ಅರ್ಪಿತವಾಗದ ಅನ್ನವನ್ನು ಉಣ್ಣಲೊಲ್ಲದವರು ಶಬ್ದವನ್ನು ಹೀಗೆ ಚೆಲ್ಲುವುದು ಸೋಜಿಗ.

ಶರಣರು ಅರ್ಪಣಕ್ಕೆ ಅವಧಾನವನ್ನು ಜೊತೆಗೂಡಿಸಿ ಹೇಳಿರುವರು. ಅವಧಾನವಿಲ್ಲದ ಅರ್ಪಣವು ಕೈಯ ಚಲನೆ ಮಾತ್ರ. ಶಬ್ದವನ್ನು ಅರ್ಪಿಸುವ ಕೈ ಯಾವುದೆಂದರೆ ಅವಧಾನವೇ. ಹಂಚುವುದಕ್ಕೂ ಇದೇ ನಿಯಮವು ಸಲ್ಲುವುದು. ಮೊಬೈಲಿನಲ್ಲಿ ಒಬ್ಬರಿಂದ ಬಂದ ಮುದ್ರಿಕೆಯನ್ನು ಕೇಳದೆಯೇ ಮುಂದಿನ ಹತ್ತು ಮಂದಿಗೆ ದಾಟಿಸುವುದು ಪ್ರಸಾದವಿನಿಯೋಗವಲ್ಲ. ತಾನು ಸ್ವೀಕರಿಸದುದನ್ನು ಪ್ರಸಾದವೆಂದು ಹಂಚುವುದು ಹೇಗೆ? ಕೇಳಿದವನು, ಹಾಡಿದವರಾರು, ರಾಗವಾವುದು, ಯಾವ ಪದದ ಬಳಿ ಮನಸ್ಸು ನಿಂತಿತು, ಯಾವ ಪದ ಕೇಳಿಸಲಿಲ್ಲ, ಯಾವುದರ ಅರ್ಥ ತಿಳಿಯಲಿಲ್ಲ ಎಂಬುದನ್ನು ತಿಳಿಸಿ ಒಂದನ್ನೇ ಕಳುಹಿಸಿದರೆ, ಪಡೆದವನು ಅದನ್ನು ಕೇಳುವನು. ಆ ಕಡೆಯವನಿಗೆ ಆ ಪದದ ಅರ್ಥ ಗೊತ್ತಿರಲೂಬಹುದು.

ನಗರದ ಹಳೆಯ ಬಡಾವಣೆಯೊಂದರ ಮನೆಯನ್ನು ನಿದರ್ಶನಕ್ಕಾಗಿ ಭಾವಿಸಬಹುದು. ಸೋಮವಾರದ ಸಂಜೆ, ಪೂಜೆ ಮುಗಿದಿದೆ. ಕಿವಿ ಸ್ವಲ್ಪ ಮಂದವಾಗಿರುವ ಹಿರಿಯರು ಕಟ್ಟೆಯ ಮೇಲೆ ಒರಗಿದ್ದಾರೆ. ಸೊಸೆಯು ಅಡಿಗೆಮನೆಯ ಕೆಲಸದ ನಡುವೆ ಮೊಬೈಲಿನಲ್ಲಿ ವಚನಗಾಯನವನ್ನು ಹಾಕಿಕೊಂಡಿದ್ದಾಳೆ. ಹಿರಿಯರು ಕೇಳುತ್ತಾರೆ:

“ತಾಯಿ, ಈಗ ಹಾಡಿದ್ದು ಯಾರ ವಚನ?”

“ಗೊತ್ತಾಗಲಿಲ್ಲ ಮಾವ. ಒಗ್ಗರಣೆಯ ಸದ್ದಿನಲ್ಲಿ ಅಂಕಿತ ಕೇಳಿಸಲಿಲ್ಲ.”

“ನನಗೆ ಅಂಕಿತ ಮಾತ್ರ ಕೇಳಿಸಿತು, ಮಿಕ್ಕದ್ದು ಕೇಳಿಸಲಿಲ್ಲ.”

ಸೊಸೆಯು ನಗುತ್ತ ಒಲೆಯನ್ನು ಆರಿಸಿ, ಕೈಯೊರಸಿಕೊಂಡು ಬಂದು ಕಟ್ಟೆಯ ಕೆಳಗೆ ಕುಳಿತು, ಅದನ್ನು ಮೊದಲಿನಿಂದ ಮತ್ತೆ ಹಾಕುತ್ತಾಳೆ. ಸಾಲೊಂದು ಮುಗಿದಾಗ ನಿಲ್ಲಿಸಿ, ಅವರ ಕಿವಿಯ ಬಳಿ ಆ ಸಾಲನ್ನು ಗಟ್ಟಿಯಾಗಿ ಹೇಳುತ್ತಾಳೆ. ಅವರು ಅದರ ಅರ್ಥವನ್ನು ಹೇಳುತ್ತಾರೆ. ಮೂರು ನಿಮಿಷದ ಹಾಡು ಮುಗಿಯುವುದಕ್ಕೆ ಅರ್ಧ ಗಂಟೆಯಾಗುತ್ತದೆ. ಅಷ್ಟರಲ್ಲಿ ಒಳಗಿನಿಂದ ಮಗುವು ಬಂದು, ಊಟಕ್ಕೆ ಎಷ್ಟು ಹೊತ್ತೆಂದು ಕೇಳುತ್ತದೆ. “ಇರು ಮಗು, ಅಂಕಿತ ಬರಲಿ” ಎನ್ನುತ್ತಾರೆ ಹಿರಿಯರು.